ಎರಡು ಸೆಲ್ಲಿನ ಟಾರ್ಚು

ಮಲೆನಾಡಿನ ಮಳೆಗಾಲದಲ್ಲಿ ಹೋದ ಕರೆಂಟು ಎರಡು ದಿನ ಬಾರದಿರುವುದೂ ಉಂಟು. ಚಾರ್ಜಿಂಗ್ ಟಾರ್ಚು ಆಗ ಮೂಲೆ ಸೇರುತ್ತದೆ. ಪೆನ್ಸಿಲ್ ಸೆಲ್ಲಿನ ಟಾರ್ಚಿಗೆ ಊರಿನ ಗೂಡಂಗಡಿಯೇ ಸಾಕು. ನನಗಿಷ್ಟ ಎರಡು ಸೆಲ್ಲಿನದು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, 1.5 ವೋಲ್ಟಿನ ಎರಡು ಸೆಲ್ಲು ಸಾಲಾಗಿ ಕೂತರೆ ಲೆಕ್ಕ ಸರಿಹೋಗುತ್ತದೆ.

ಕೊಳ್ಳುವಾಗ ಬರೀ ಬೆಳಕಿಗೆ ಮರುಳಾಗಬೇಡಿ. ಹಿಂದಿನ ಮುಚ್ಚಳ ಬಿಚ್ಚಿ ನೋಡಿ: ಸ್ಪ್ರಿಂಗು ಗಟ್ಟಿಯಿರಬೇಕು, ತಿರುಪು ನಯವಾಗಿ ಸುತ್ತಬೇಕು, ನೀರು ತಡೆಯುವ ರಬ್ಬರ್ ಉಂಗುರವಿರಬೇಕು. ಸೆಲ್ ಹಾಕಿ ಅಂಗೈಗೆ ಬಡಿಯಿರಿ; ಬೆಳಕು ಮಿಣುಕಿದರೆ ಬೇಡವೇ ಬೇಡ. ಒತ್ತಿದೊಡನೆ ಟಕ್ ಎಂದು ಕೂರುವ ಗುಂಡಿಯಿದ್ದರೆ ಕತ್ತಲಲ್ಲಿ ತೋಟದ ದಾರಿ ಹಿಡಿಯಲು ಎಂಥ ಧೈರ್ಯ! ಬೇಸಗೆಯಲ್ಲಿ ಬಳಸದಿದ್ದರೆ ಸೆಲ್ ತೆಗೆದಿಡಿ. ಸೋರಿದ ಸೆಲ್ಲು ಸ್ಪ್ರಿಂಗನ್ನೇ ತಿಂದುಹಾಕುತ್ತದೆ.