ಹಿಮಗೂಬೆಗೆ ಬಿಟ್ಟ ಜಾಗ

ರೆಕ್ಕೆ ಬಿಚ್ಚಿ, ಉಗುರು ಚಾಚಿ, ಹಳದಿ ಕಣ್ಣುಗಳನ್ನು ಲೆನ್ಸ್‌ನ ತುಸು ಕೆಳಗೆ ನೆಟ್ಟು ನುಗ್ಗಿ ಬರುವ ಹಿಮಗೂಬೆಯ ಚಿತ್ರ ಯಾರನ್ನೂ ಬೆರಗುಗೊಳಿಸುತ್ತದೆ. ಪಳಗಿದ ಕಣ್ಣಿಗೆ ಮಾತ್ರ ಅನುಮಾನ: ಹಿಮದ ಮೇಲೆ ಅಂಗಡಿಯಿಂದ ತಂದ ಇಲಿ ಬಿಟ್ಟಿದ್ದರೇ? ಕೆನಡಾ, ಅಮೆರಿಕಗಳಲ್ಲಿ ಈ ಚಾಳಿ ಇದೆ. ರಸ್ತೆ ಬದಿಯಲ್ಲಿ ಸುಲಭವಾಗಿ ತುತ್ತು ಸಿಗುತ್ತದೆಂದು ಕಲಿತ ಹಕ್ಕಿ ವಾಹನಕ್ಕೆ ಬಲಿಯಾಗಬಹುದು. ಗೂಬೆಗಳಿಗೆ ಜೀವಂತ ಆಮಿಷ ಒಡ್ಡಲೇಬಾರದು ಎನ್ನುತ್ತದೆ ಅಮೆರಿಕದ ಆಡುಬಾನ್ ಸೊಸೈಟಿ.

ಆಮಿಷವಿಲ್ಲದೆಯೂ ಅಂಥ ಚಿತ್ರ ಸಿಗುತ್ತದೆ. 2016ರ ಜನವರಿಯಲ್ಲಿ ಮಾಂಟ್ರಿಯಲ್‌ನ ಹೆದ್ದಾರಿ 40ರ ಟ್ರಾಫಿಕ್ ಕ್ಯಾಮೆರಾದ ಎದುರಿಗೇ ಹಿಮಗೂಬೆಯೊಂದು ರೆಕ್ಕೆ ಹರಡಿ ಹಾರಿಬಂತು. ಕ್ವಿಬೆಕ್‌ನ ಸಾರಿಗೆ ಸಚಿವರೇ ಆ ಚಿತ್ರಗಳನ್ನು ಹಂಚಿಕೊಂಡರು. 1987ರಿಂದ ಹಿಮಗೂಬೆ ಆ ಪ್ರಾಂತ್ಯದ ಅಧಿಕೃತ ಪಕ್ಷಿ.

ಹಸಿವು ತಾಳಲಾರದೆ ಇವು ದಕ್ಷಿಣಕ್ಕೆ ಬರುತ್ತವೆಂಬ ನಂಬಿಕೆ ಹಳೆಯದು. 2013ರ ಬೇಸಿಗೆಯ ಕಥೆಯೇ ಬೇರೆ. ಉತ್ತರ ಕ್ವಿಬೆಕ್‌ನಲ್ಲಿ ಲೆಮ್ಮಿಂಗ್ ಇಲಿಗಳ ಸುಗ್ಗಿಯೋ ಸುಗ್ಗಿ. ಒಂದು ಗೂಡಿನ ಸುತ್ತ ಸುಮಾರು 70 ಸತ್ತ ಲೆಮ್ಮಿಂಗ್‌ಗಳು ಸಾಲಾಗಿ ಬಿದ್ದಿದ್ದವು. ಮರಿಗಳು ಹೇರಳವಾಗಿ ಬದುಕಿದವು. ಆ ಚಳಿಗಾಲದಲ್ಲಿ ಗೂಬೆಗಳು ಫ್ಲೋರಿಡಾ, ಬರ್ಮುಡಾದವರೆಗೂ ಇಳಿದವು. ಅವುಗಳ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಜಾಡು ಹಿಡಿಯುವ 'ಪ್ರಾಜೆಕ್ಟ್ ಸ್ನೋಸ್ಟಾರ್ಮ್' ಹುಟ್ಟಿದ್ದೂ ಆಗಲೇ.

ತುಂಡ್ರಾದಲ್ಲಿ ಬೆಳೆದ ಹಕ್ಕಿಗೆ ಮರಗಳಿಗಿಂತ ಬಯಲೇ ಇಷ್ಟ. ಹೊಲ, ಕಡಲತೀರ, ವಿಮಾನ ನಿಲ್ದಾಣ, ಹೀಗೆ ಎಲ್ಲೆಂದರಲ್ಲಿ ಹಾಡಹಗಲೇ ಕೂತಿರುತ್ತದೆ. ಹಾಗಾಗಿ ಹತ್ತಿರ ಹೋಗುವ ಆಸೆ ಮೂಡುವುದು ಸಹಜ. ಆದರೆ ಅದರ ಮೈಯನ್ನು ಓದಲು ಕಲಿಯಬೇಕು. ಕಣ್ಣು ಅರೆಮುಚ್ಚಿ, ಗರಿ ಉಬ್ಬಿಸಿ ಮುದ್ದೆಯಾಗಿ ಕೂತಿದ್ದರೆ ನಿರಾಳ. ಗರಿಗಳನ್ನು ಮೈಗೆ ಒತ್ತಿ, ಕತ್ತು ನೀಳವಾಗಿಸಿ, ಕಣ್ಣು ಪೂರಾ ತೆರೆದು ದಿಟ್ಟಿಸಿದರೆ ಹಿಂದೆ ಸರಿಯುವ ಹೊತ್ತು. ಎಬ್ಬಿಸಿದ ಪ್ರತಿ ಬಾರಿಯೂ ಚಳಿಗೆಂದು ಕೂಡಿಟ್ಟ ಶಕ್ತಿ ಪೋಲಾಗುತ್ತದೆ. ಬೆನ್ನಟ್ಟಿ ತೆಗೆದ ಹಾರಾಟದ ಚಿತ್ರ ಎಷ್ಟೇ ಚೂಪಾಗಿದ್ದರೂ ಗೋಡೆಗೆ ತೂಗುಹಾಕಲು ಯೋಗ್ಯವಲ್ಲ.

ಇನ್ನು ಕೈಚಳಕ. ಹಿಮದ ಬಿಳುಪಿಗೆ ಮೀಟರ್ ಮೋಸಹೋಗಿ ಎಲ್ಲವನ್ನೂ ಬೂದುಬಣ್ಣಕ್ಕೆ ತರುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಏರಿಸಬೇಕು. ಅದೇ ಗೂಬೆ ಕಂದು ಹುಲ್ಲಿನ ಮೇಲೆ ಕೂತರೆ ಲೆಕ್ಕ ತಿರುಗುಮುರುಗು. ಇಳಿಸದಿದ್ದರೆ ಎದೆಗರಿಗಳ ಎಳೆಯೆಲ್ಲ ಅಳಿಸಿ ಬರೀ ಬಿಳಿ ತೇಪೆ ಉಳಿದೀತು. ಕಾರೇ ಒಳ್ಳೆಯ ಮರೆ. ಆದರೆ ಹೀಟರ್ ಹಾಕಿದ ಕಾರಿನ ಕಿಟಕಿಯಿಂದ ಬಿಸಿಗಾಳಿ ಹೊರಟು ಲೆನ್ಸ್ ಮುಂದೆ ನಡುಗಿದರೆ 600 ಎಂಎಂ ಲೆನ್ಸ್ ಕೂಡ ಮಸುಕು ಚಿತ್ರವನ್ನೇ ಕೊಡುತ್ತದೆ. ಎಂಜಿನ್, ಹೀಟರ್ ಎರಡನ್ನೂ ಆರಿಸಿ, ಗಾಜು ಇಳಿಸಿ, ಒಳಗಿನ ಗಾಳಿಯೂ ಹೊರಗಿನಷ್ಟೇ ತಣ್ಣಗಾಗುವವರೆಗೆ ಕಾದು ಕ್ಲಿಕ್ಕಿಸಬೇಕು.