ಕುಂದಗೋಳದಲ್ಲಿ ಬದಲಾದ ನಾದ

ಒಂದು ಘರಾಣೆಗೆ ಸೇರಿದ ಗಾಯಕರೆಲ್ಲರೂ ಒಂದೇ ಬಗೆಯ ಕಂಠದಿಂದ ಹಾಡತಕ್ಕದ್ದೆಂಬ ಗ್ರಹಿಕೆಯು ನಮ್ಮ ರಸಿಕವರ್ಗದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಶಿಷ್ಯನ ಧ್ವನಿ ಗುರುವಿನದಕ್ಕಿಂತ ಕೊಂಚ ಬೇರೆಯಾಗಿ ಕೇಳಿಸಿದೊಡನೆ ಪರಂಪರೆ ಕೆಟ್ಟಿತೆಂದು ತಲೆಯಾಡಿಸುವವರಿಗೆ ಧಾರವಾಡದ ಸೀಮೆಯಲ್ಲಿ ಎಂದೂ ಬರವಿಲ್ಲ. ಹುಬ್ಬಳ್ಳಿಯ ದಕ್ಷಿಣಕ್ಕೆ, ಎರೆಭೂಮಿಯ ನಡುವೆ ಇರುವ ಕುಂದಗೋಳದಲ್ಲಿ ಬೆಳೆದ ಕಿರಾಣಾ ಶಾಖೆಯನ್ನು ಈ ಅಳತೆಗೋಲಿನಿಂದ ಅಳೆಯಹೊರಟರೆ ಕೋಲೇ ಮುರಿಯುತ್ತದೆ. ಏಕೆಂದರೆ ಅಲ್ಲಿ ಮೂರು ತಲೆಮಾರುಗಳಲ್ಲಿ ನಾಲ್ಕು ಬೇರೆ ಬೇರೆ ನಾದಗಳು ಹುಟ್ಟಿದುವು, ಮತ್ತು ಆ ನಾಲ್ಕೂ ಕಿರಾಣಾದವೇ ಆಗಿದ್ದುವು.

ಮೂಲಪುರುಷರೆನಿಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಉತ್ತರ ಹಿಂದುಸ್ತಾನದ ಕೈರಾನಾ ಎಂಬ ಊರಿನವರು. ಮಿರಜಿನಲ್ಲಿ ನೆಲೆಸಿ, ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಹುಬ್ಬಳ್ಳಿ-ಧಾರವಾಡಗಳಲ್ಲಿ ತಂಗುತ್ತಿದ್ದವರು. ಸಣ್ಣನೆಯ, ಏರುಶ್ರುತಿಯ, ಕರುಣಾರ್ದ್ರವಾದ ಅವರ ಕಂಠವನ್ನು ಇಂದಿಗೂ ಅವರ ಝಿಂಝೋಟಿಯ ಮುದ್ರಿಕೆಯಲ್ಲಿ ಕೇಳಬಹುದು. ಸ್ವರದ ಮೇಲೆ ನಿಲ್ಲುವುದು, ಒಂದೊಂದೇ ಸ್ವರವನ್ನು ಸೇರಿಸಿಕೊಳ್ಳುತ್ತ ರಾಗವನ್ನು ಬಿಡಿಸುವುದು, ಸಾಹಿತ್ಯವನ್ನೂ ಲಯದ ಚಮತ್ಕಾರವನ್ನೂ ಆಲಾಪಕ್ಕೆ ಅಧೀನವಾಗಿಸುವುದು, ಇದು ಅವರ ಮಾರ್ಗ. ಆದರೆ ಅವರ ಗಾಯನದಲ್ಲಿ ಕೇಳಿಬರುವ ಸರಗಮವು ದಕ್ಷಿಣದ ಸ್ವರಕಲ್ಪನೆಯ ಪ್ರೇರಣೆಯಿಂದ ಬಂದುದೆಂಬುದನ್ನೂ, ತ್ಯಾಗರಾಜರ ಖರಹರಪ್ರಿಯದ ಕೃತಿಯೊಂದನ್ನು ಅವರು ಮುದ್ರಿಸಿದ್ದರೆಂಬುದನ್ನೂ ಶುದ್ಧತಾವಾದಿಗಳು ಮರೆಯುತ್ತಾರೆ. ಯಾವ ಶೈಲಿ ಕಲಬೆರಕೆಯಾಗಬಾರದೆಂದು ಇವರು ಕಾವಲು ಕುಳಿತಿರುವರೋ ಆ ಶೈಲಿ ತನ್ನ ಮೂಲಪುರುಷನಲ್ಲಿಯೇ ಬದಲಾಗಿತ್ತು.

ಅಮರಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರರಿಗೆ, ಎಂದರೆ ಮುಂದೆ ಸವಾಯಿ ಗಂಧರ್ವರೆನಿಸಿದವರಿಗೆ, ಗುರು ಖಾನಸಾಹೇಬರ ಆ ತೆಳುಮಾಧುರ್ಯವು ಪ್ರಕೃತಿದತ್ತವಾಗಿರಲಿಲ್ಲ. ಅವರ ಕಂಠ ಕಾಯಲು ಹೊತ್ತು ಹಿಡಿಯುತ್ತಿತ್ತು. ಆರಂಭದ ಒರಟುತನ ಕಳೆದು ಸ್ವರ ಹದಕ್ಕೆ ಬಂದ ಮೇಲೆ ಸಭೆ ಅವರ ವಶವಾಗುತ್ತಿತ್ತೆಂದು ಕೇಳಿದವರು ಹೇಳುತ್ತಿದ್ದರು. ಮರಾಠಿ ರಂಗಭೂಮಿಯ ಸ್ತ್ರೀಪಾತ್ರಗಳಲ್ಲಿ ಮೆರೆದ ವರ್ಷಗಳನ್ನು ಕೆಲವು ವಿಮರ್ಶಕರು ಕಾಲಹರಣವೆಂದೆಣಿಸುವುದುಂಟು. ನನಗೆ ಹಾಗೆ ತೋರುವುದಿಲ್ಲ: ಗುರುವಿನ ಅಂತರ್ಮುಖವಾದ ಆಲಾಪಕ್ಕೆ ಸಭೆಯನ್ನುದ್ದೇಶಿಸಿದ ಒಂದು ಏರಿಕೆಯನ್ನು, ಪರಾಕಾಷ್ಠೆಯ ಕಡೆಗೆ ಸಾಗುವ ನಾಟಕೀಯ ಗತಿಯನ್ನು ರಾಮಭಾವು ತಂದುದು ಅಲ್ಲಿಂದಲೇ ಇರಬೇಕು. ಅವರು ಬಿಟ್ಟುಹೋದ ಮುದ್ರಿಕೆಗಳು ಮೂರು ಮಿನಿಟಿನ ತಟ್ಟೆಗಳು; ಕಾಯಲು ಹೊತ್ತು ಬೇಡುವ ಕಂಠಕ್ಕೆ ಅದಕ್ಕಿಂತ ಕ್ರೂರವಾದ ಚೌಕಟ್ಟು ಬೇರೊಂದಿಲ್ಲ.

ಈ ಶಾಖೆಯ ಅತ್ಯಂತ ವಿಸ್ಮಯಕರ ಪರಿವರ್ತನೆಯನ್ನು ಕಾಣಬೇಕಾದರೆ ಗಂಗೂಬಾಯಿ ಹಾನಗಲ್ಲರ (1913–2009) ಎರಡು ಕಾಲದ ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಬೇಕು. 1930ರ ದಶಕದ ಆರಂಭದ ತಟ್ಟೆಗಳಲ್ಲಿರುವುದು ಏರುಶ್ರುತಿಯ, ಚುರುಕಾದ ಎಳೆಯ ಕಂಠ. ಅಂದಿನ ಪೇಟೆ ಗಾಯಕಿಯರಿಂದ ಬಯಸುತ್ತಿದ್ದ ಕಂಠವೇ ಅದು. ಮುಂದೆ ಗಂಟಲಿನ ವ್ಯಾಧಿ ಮತ್ತು ಶಸ್ತ್ರಚಿಕಿತ್ಸೆಯಿಂದ ಅದು ತಗ್ಗಿಗಿಳಿದು, ಜನ ‘ಗಂಡುದನಿ’ ಎಂದು ಕರೆಯುವಂತಹ ಗಂಭೀರ ಧ್ವನಿಯಾಯಿತು. ಇನ್ನೊಬ್ಬರಾಗಿದ್ದರೆ ತಂಬೂರಿಗೆ ಗವಸು ಹೊದಿಸಿ ಸುಮ್ಮನಾಗುತ್ತಿದ್ದರೇನೋ. ಇವರಾದರೋ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಗುರು ಸವಾಯಿ ಗಂಧರ್ವರು ಕೊಟ್ಟ ಒಂದು ಸಣ್ಣ ಪಲಕನ್ನೇ ಮತ್ತೆ ಮತ್ತೆ ತಿದ್ದುತ್ತ, ಆ ಹೊಸ ಕಂಠಕ್ಕೆ ತಕ್ಕ ಗಾಯನವನ್ನು ಕಟ್ಟಿಕೊಂಡರು.

ಅವರ ಮಾರವಾ ರಾಗವನ್ನು ಕೇಳಿರಿ. ಮಾರವಾದ ಮರ್ಮವಿರುವುದು ಷಡ್ಜವನ್ನು ಮುಂದೂಡುವುದರಲ್ಲಿ. ಕೋಮಲ ರಿಷಭ ಮತ್ತು ಧೈವತಗಳ ನಡುವೆ ಗಾಯಕನು ನೆಲೆಯಿಲ್ಲದಂತೆ ಸಂಚರಿಸಬೇಕು, ಕೇಳುವವನಿಗೆ ಸಂಜೆಯ ಅಶಾಂತಿ ತಟ್ಟಬೇಕು. ತೆಳುಕಂಠದಲ್ಲಿ ಈ ರಿಷಭವು ನಿಟ್ಟುಸಿರಾಗುತ್ತದೆ. ಗಂಗೂಬಾಯಿಯವರಲ್ಲಿ ಅದು ಅಲುಗದ ನೇರ ಸ್ವರವಾಗಿ, ತೂಕವುಳ್ಳ ವಸ್ತುವಾಗಿ ಎದುರಿಗೆ ನಿಲ್ಲುತ್ತದೆ. ಷಡ್ಜಕ್ಕೆ ಬಂದಾಗ ಸಾಂತ್ವನಕ್ಕಿಂತ ಹೆಚ್ಚಾಗಿ ತೀರ್ಪನ್ನು ಕೇಳಿದಂತಾಗುತ್ತದೆ. ಖಾನಸಾಹೇಬರ ಕಾರುಣ್ಯ ಇಲ್ಲಿ ಇಲ್ಲ. ಒಂದೊಂದೇ ಸ್ವರವನ್ನು ನಂಬುವ ಅವರ ಪದ್ಧತಿ ಮಾತ್ರ ಇಡಿಯಾಗಿ ಇದೆ.

ಇದೇ ಕಾಲದಲ್ಲಿ ಅದೇ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತ ಭೀಮಸೇನ ಜೋಶಿಯವರದು (1922–2011) ಮೂರನೆಯ ದಿಕ್ಕು. ಬಾಲ್ಯದಲ್ಲಿ ಖಾನಸಾಹೇಬರ ಮುದ್ರಿಕೆಯನ್ನು ಕೇಳಿ, 1933ರಲ್ಲಿ ಗದಗಿನ ಮನೆಯನ್ನು ಬಿಟ್ಟು ಓಡಿಹೋದ ಹುಡುಗನು, ಕಂಠ ಬಲಿತ ಮೇಲೆ ಆ ಮುದ್ರಿಕೆಯಂತೆ ಹಾಡಲಿಲ್ಲವೆಂಬುದು ಗಮನಾರ್ಹ. ವಿಲಂಬಿತ ಆಲಾಪದ ಕಿರಾಣಾ ತಳಹದಿಯ ಮೇಲೆ ಅವರು ಎಬ್ಬಿಸಿದ ತಾನುಗಳ ವೇಗ, ದಮ್ಮು, ಗರ್ಜನೆ ಇವೆಲ್ಲ ಮೂಲ ಶೈಲಿಗೆ ಅಪರಿಚಿತ; ಅನ್ಯ ಘರಾಣೆಗಳ ಹಿರಿಯರಿಂದ ತಾವು ಎತ್ತಿಕೊಂಡುದನ್ನು ಅವರು ಬಚ್ಚಿಡಲೂ ಇಲ್ಲ. ಅವರ ಶುದ್ಧಕಲ್ಯಾಣವನ್ನು ಕೇಳಿದವರಿಗೆ ಇದು ನಷ್ಟವೆನಿಸದು. ಆದರೂ ನಷ್ಟವೊಂದು ಉಂಟು: ಲಯದೊಡನೆ ಸೂಕ್ಷ್ಮವಾಗಿ ಆಡುವ ಆಟವು ಕಿರಾಣಾದಲ್ಲಿ ಮೊದಲೇ ಕಡಿಮೆ, ಬಂದಿಶಿನ ಮಾತುಗಳು ಮೊದಲೇ ಅಸ್ಪಷ್ಟ, ಭೀಮಸೇನರ ಪ್ರಚಂಡ ನಾದಪ್ರವಾಹದಲ್ಲಿ ಈ ಎರಡೂ ಇನ್ನಷ್ಟು ಕೊಚ್ಚಿಹೋದುವು. ಅದೇ ಧಾರವಾಡದ ಮಲ್ಲಿಕಾರ್ಜುನ ಮನಸೂರರ ಜಯಪುರ ಗಾಯಕಿಯಲ್ಲಿ ಮಾತು, ಲಯ, ಸ್ವರಗಳು ಹೆಣೆದುಕೊಳ್ಳುವ ಪರಿಯನ್ನು ಕೇಳಿ ಬಂದವನಿಗೆ ಈ ಕೊರತೆ ತಟ್ಟನೆ ತಿಳಿಯುತ್ತದೆ.

ಸವಾಯಿ ಗಂಧರ್ವರ ಇನ್ನೊಬ್ಬ ಶಿಷ್ಯರಾದ ಮುಂಬಯಿಯ ಫಿರೋಜ್ ದಸ್ತೂರರು ಖಾನಸಾಹೇಬರ ಮೂಲನಾದಕ್ಕೆ ಬಹುಮಟ್ಟಿಗೆ ನಿಷ್ಠರಾಗಿ ಉಳಿದರು. ಅದು ಅತ್ಯಂತ ಇಂಪಾದ ಗಾಯನ, ಆದರೆ ಅದನ್ನು ಕೇಳುವಾಗ ನನ್ನ ಮನಸ್ಸು ಖಾನಸಾಹೇಬರ ಕಡೆಗೇ ಹೋಗುತ್ತದೆ. ಗಂಗೂಬಾಯಿಯವರನ್ನು ಕೇಳುವಾಗ ಯಾರ ಕಡೆಗೂ ಹೋಗುವುದಿಲ್ಲ.

ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಸಂಗೀತ ಇಂದಿನ ಸ್ಥಿತಿಯನ್ನು ಅರಿಯಲು ತಕ್ಕ ತಾಣ. ಸುತ್ತಣ ಹಳ್ಳಿಗಳಿಂದ ಬಂದು ಬೆಳಗಿನವರೆಗೆ ಕುಳಿತಿರುವ ಶ್ರೋತೃಗಳ ಮುಂದೆ ಭೀಮಸೇನರ ಕೈಬೀಸು, ಭೀಮಸೇನರ ಮುಖಭಾವ, ಭೀಮಸೇನರ ತಾನಿನ ಮೊಳಗು ಇವನ್ನೇ ಬಂಡವಾಳವಾಗಿಟ್ಟುಕೊಂಡ ಗಾಯನಗಳೂ ಸಾಗುತ್ತವೆ, ಚಪ್ಪಾಳೆಯನ್ನೂ ಗಿಟ್ಟಿಸುತ್ತವೆ. ಯಾರನ್ನೂ ಅನುಕರಿಸದೆ ದೊಡ್ಡವರಾದವರ ಅನುಕರಣೆಯೇ ಪರಂಪರಾನಿಷ್ಠೆಯೆನಿಸಿಕೊಂಡಿರುವುದು ಈ ಶಾಖೆಯ ಈಗಿನ ರೋಗ. ಇದಕ್ಕೆ ವ್ಯತಿರಿಕ್ತವಾಗಿ, ಇದೇ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳು ಗದಗಿನ ಪಂಚಾಕ್ಷರಿ ಗವಾಯಿಗಳಲ್ಲಿ ತಳಪಾಯ ಹಾಕಿಕೊಂಡು, ಸವಾಯಿ ಗಂಧರ್ವರಿಂದಲೂ ಬೇರೆ ಹಲವು ಉಸ್ತಾದರಿಂದಲೂ ಪಡೆದು, ಖ್ಯಾಲ, ನಾಟ್ಯಗೀತ, ವಚನಗಳನ್ನು ಒಂದೇ ಬೈಠಕಿನಲ್ಲಿ ಹಾಡುತ್ತಿದ್ದರು. ಅವರನ್ನು ಯಾವ ಘರಾಣೆಯ ಪಟ್ಟಿಗೆ ಸೇರಿಸಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.