ಮೂಲವೂ ಮಾರ್ಪಾಡೂ: ‘ಕೈಜೊ ಮಾರಿಯೋ’ ಎಂಬ ಆಟದ ವಿಮರ್ಶೆ

ಕಾವ್ಯನಾಟಕಗಳ ಗುಣದೋಷವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ, ಮಕ್ಕಳು ತೆರೆಯ ಮುಂದೆ ಕುಳಿತು ಆಡುವ ವೀಡಿಯೋ ಗೇಮೊಂದರ ಪ್ರಸ್ತಾಪವನ್ನು ಕಂಡು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರಲ್ಲಿ ನನ್ನದೊಂದು ಬಿನ್ನಹ. ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಇಂದ್ರಾದಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒಟ್ಟಿಗೆ ಒದಗುವ ಆಟದ ವಸ್ತುವೊಂದನ್ನು ಕರುಣಿಸಬೇಕೆಂದು ಬೇಡಿದರಷ್ಟೆ. ನಮ್ಮ ರಸವಿಚಾರವು ಆ ಬೇಡಿಕೆಯ ಬೆನ್ನಿಗೇ ಹುಟ್ಟಿತು. ಆದುದರಿಂದ ಆಟವೆಂದ ಮಾತ್ರಕ್ಕೆ ವಿಮರ್ಶೆಗೆ ಅನರ್ಹವೆಂದು ತಳ್ಳಿಬಿಡುವುದು ಪೂರ್ವಿಕರ ದಾರಿಯಲ್ಲ. ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮೊಮ್ಮಗನ ಪಕ್ಕದಲ್ಲಿ ಹಲವು ಸಂಜೆ ಕುಳಿತು ನೋಡಿದ ಮೇಲೆ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೂಲದ ವೃತ್ತಾಂತವನ್ನು ಮೊದಲು ಹೇಳಬೇಕು. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆಯು 1985ರ ಸೆಪ್ಟೆಂಬರಿನಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟವನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಶಿಗೇರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಎಂಬುವರು. ಸಂಗೀತವನ್ನು ಕೂಡಿಸಿದವರು ಕೋಜಿ ಕೊಂಡೊ. ಮೀಸೆಯುಳ್ಳ, ಟೋಪಿ ಧರಿಸಿದ ನಲ್ಲಿ ಕೆಲಸದವನೊಬ್ಬನು ಎಡದಿಂದ ಬಲಕ್ಕೆ ಓಡುತ್ತ, ಕಂದಕಗಳನ್ನು ಹಾರುತ್ತ, ಶತ್ರುಗಳ ತಲೆಯನ್ನು ಮೆಟ್ಟುತ್ತ ಹೋಗಿ, ಸೆರೆಯಲ್ಲಿರುವ ರಾಜಕುಮಾರಿಯನ್ನು ಬಿಡಿಸಬೇಕು. ಕಥೆ ಇಷ್ಟೆ.

ಈ ಆಟದ ಹಿರಿಮೆಯು ಅದರ ಮೊದಲನೆಯ ಹಂತದ ಬೋಧನಕ್ರಮದಲ್ಲಿದೆ. ಅಲ್ಲಿ ಉಪದೇಶದ ಒಂದು ಅಕ್ಷರವೂ ಇಲ್ಲ. ನಾಯಕನು ತೆರೆಯ ಎಡಭಾಗದಲ್ಲಿ ನಿಂತಿರುತ್ತಾನೆ, ಬಲಕ್ಕೆ ಬಯಲಿದೆ. ಎತ್ತ ಹೋಗಬೇಕೆಂಬುದು ಅದರಿಂದಲೇ ತಿಳಿಯುವುದು. ಗೂಂಬಾ ಎಂಬ ಕ್ಷುದ್ರಶತ್ರುವು ಮೆಲ್ಲನೆ ಎದುರು ಬರುವುದು. ಹಾರಲು ತಿಳಿಯದವನು ಅಲ್ಲಿಯೇ ಸಾಯುವನು. ಸತ್ತರೂ ನಷ್ಟವಾಗುವುದು ಕೆಲವು ಹೆಜ್ಜೆಗಳಷ್ಟೆ. ಪ್ರಶ್ನಚಿಹ್ನೆಯ ಪೆಟ್ಟಿಗೆಯನ್ನು ತಲೆಯಿಂದ ಗುದ್ದಿದರೆ ಹೊರಡುವ ಅಣಬೆಯು ಮುಂದಿನ ಕೊಳವೆಗೆ ತಾಗಿ, ಹಿಂದಿರುಗಿ, ಆಡುವವನ ಕಡೆಗೇ ಬರುವುದು. ಹೀಗೆ ಅದು ಮಿತ್ರವೆಂಬುದು ಅನುಭವದಿಂದ ತಿಳಿಯುತ್ತದೆ. ಕೊನೆಯ ಭಾಗದಲ್ಲಿ ಎದುರುಬದುರಾದ ಎರಡು ಮೆಟ್ಟಿಲಸಾಲುಗಳಿವೆ, ನಡುವೆ ನೆಲವಿದೆ; ಬಿದ್ದರೆ ಅಪಾಯವಿಲ್ಲ. ಅದರ ಮುಂದೆಯೇ ಅಂಥದೇ ಇನ್ನೊಂದು ಜೋಡಿಯಿದೆ; ಅದರ ನಡುವೆ ಕಂದಕ. ಮೊದಲು ಅಭ್ಯಾಸ, ಬಳಿಕ ಪರೀಕ್ಷೆ: ಇದಕ್ಕಿಂತ ಉತ್ತಮವಾದ ಪಾಠಕ್ರಮವನ್ನು ನಾನು ನನ್ನ ವೃತ್ತಿಜೀವನದಲ್ಲಿ ಕಂಡಿಲ್ಲ. ಇನ್ನೊಂದು ಸಂಗತಿ. ಆ ಹಂತದ ಮೊದಲನೆಯ ಕಂದಕಕ್ಕೆ ತುಸು ಹಿಂದೆ ಕಣ್ಣಿಗೆ ಕಾಣದ ಪೆಟ್ಟಿಗೆಯೊಂದಿದೆ. ಹಾರಿದಾಗ ಅಕಸ್ಮಾತ್ತಾಗಿ ತಲೆ ತಗುಲಿದರೆ ಅದರಿಂದ ಅಣಬೆಯೊಂದು ಹೊರಟು, ಆಡುವವನಿಗೆ ಇನ್ನೊಂದು ಪ್ರಾಣ ದೊರೆಯುವುದು. ಈ ಕಾಣದ ಪೆಟ್ಟಿಗೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇದೇ ಪರಂಪರೆಯ ‘ಸೂಪರ್ ಮಾರಿಯೋ ವರ್ಲ್ಡ್’ 1990ರ ನವೆಂಬರಿನಲ್ಲಿ ಜಪಾನಿನಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳ ತರುವಾಯ, 2000ದಲ್ಲಿ, ‘ಲೂನಾರ್ ಮ್ಯಾಜಿಕ್’ ಎಂಬ ಉಪಕರಣವನ್ನು ಅಭಿಮಾನಿಯೊಬ್ಬನು ಸಿದ್ಧಪಡಿಸಿದನು. ಇದರ ನೆರವಿನಿಂದ ಯಾರು ಬೇಕಾದರೂ ಆ ಆಟದ ಹಂತಗಳನ್ನು ಅಳಿಸಿ, ಅದೇ ಇಟ್ಟಿಗೆ, ಅದೇ ಆಮೆ, ಅದೇ ಕೊಳವೆಗಳಿಂದ ಹೊಸ ಹಂತಗಳನ್ನು ಕಟ್ಟಬಹುದಾಯಿತು. ಹೀಗೆ ಹುಟ್ಟಿದ ಅಸಂಖ್ಯಾತ ಮಾರ್ಪಾಡುಗಳಲ್ಲಿ ಪ್ರಸಿದ್ಧವಾದುದು, 2007ರಲ್ಲಿ ಜಪಾನಿನ ಅಭಿಮಾನಿಯೊಬ್ಬನು ತನ್ನ ಗೆಳೆಯನಿಗೆ ಆಡಿಸಲೆಂದೇ ಕಟ್ಟಿದ ಕೃತಿ. ಗೆಳೆಯನು ಪಡುವ ಪಾಡಿನ ವೀಡಿಯೋ ದೇಶದೇಶಗಳಲ್ಲಿ ಹರಡಿತು. ಜಪಾನೀ ಭಾಷೆಯಲ್ಲಿ ‘ಕೈಜೊ’ ಎಂದರೆ ಮಾರ್ಪಾಡು ಎಂದಷ್ಟೇ ಅರ್ಥ. ಈ ಕೃತಿಯ ಪ್ರಸಿದ್ಧಿಯಿಂದಾಗಿ ಆ ಪದವು ಅತಿಕಠಿನವಾದ ಆಟಗಳ ಒಂದು ಜಾತಿಗೇ ಹೆಸರಾಗಿ ರೂಢವಾಯಿತು.

ಇಂಥ ಮಾರ್ಪಾಡುಗಳ ಪ್ರಸಾರಕ್ರಮವನ್ನು ಕೇಳಿ ನನಗೆ ಸಂತೋಷವಾಯಿತು. ಮೂಲದ ಹಕ್ಕು ಅದನ್ನು ಮಾಡಿದ ಸಂಸ್ಥೆಯದು. ಅಭಿಮಾನಿಗಳಿಗೆ ಅದನ್ನು ಹಂಚುವ ಅಧಿಕಾರವಿಲ್ಲ. ಆದಕಾರಣ ಅವರು ಮೂಲಕ್ಕೂ ತಮ್ಮ ಕೃತಿಗೂ ಇರುವ ವ್ಯತ್ಯಾಸಗಳನ್ನು ಮಾತ್ರ ಒಂದು ಚಿಕ್ಕ ಕಡತದಲ್ಲಿ ಬರೆದು ಹಂಚುವರು. ಅದನ್ನು ‘ಪ್ಯಾಚ್’, ಎಂದರೆ ತೇಪೆ, ಎನ್ನುವರು. ತೇಪೆಯನ್ನು ಮೂಲಕ್ಕೆ ಹಚ್ಚಿದಾಗಲೇ ಅದು ಆಟವಾಗುವುದು. ಬಿಡಿಯಾಗಿ ಅದಕ್ಕೆ ಅರ್ಥವಿಲ್ಲ. ಪ್ರತೀಕಗಳನ್ನು ಮಾತ್ರ ಹಿಡಿದು ಬರೆದ ಟಿಪ್ಪಣಿಯೂ ಹೀಗೆಯೇ ಅಲ್ಲವೆ? ಮೂಲಗ್ರಂಥವನ್ನು ಎದುರಿಗಿಟ್ಟುಕೊಳ್ಳದೆ ಅದನ್ನು ಓದಲಾಗದು. ಆದುದರಿಂದ ಕೈಜೊ ಮಾರಿಯೋವನ್ನು ಸ್ವತಂತ್ರಕೃತಿಯೆಂದೆಣಿಸದೆ, ಮೂಲದ ಮೇಲಣ ಒಂದು ವ್ಯಾಖ್ಯಾನವೆಂದು, ಅದರಲ್ಲಿಯೂ ವಕ್ರವ್ಯಾಖ್ಯಾನವೆಂದು, ಎಣಿಸಿ ವಿಚಾರಮಾಡುವುದು ಯುಕ್ತ.

ಆ ವಕ್ರತೆ ಯಾವುದು? ಮೂಲದಲ್ಲಿ ದಾನಕ್ಕಾಗಿ ಇದ್ದ ಕಾಣದ ಪೆಟ್ಟಿಗೆಯು ಇಲ್ಲಿ ದ್ರೋಹಕ್ಕಾಗಿ ಬಂದಿದೆ. ಆಟಗಾರನು ಕಂದಕವನ್ನು ಕಂಡು, ತಾನು ಕಲಿತಂತೆ ಸರಿಯಾದ ಸ್ಥಳದಿಂದ ಸರಿಯಾಗಿ ಹಾರುವನು. ಶೂನ್ಯದಲ್ಲಿ ಪೆಟ್ಟಿಗೆಯೊಂದು ಮೂಡಿ ಅವನ ತಲೆಗೆ ಬಡಿಯುವುದು. ಅವನು ಕಂದಕದೊಳಕ್ಕೆ ಬೀಳುವನು. ಸರಿಯಾಗಿ ಹಾರಬಲ್ಲವನಿಗೇ ಈ ಪೆಟ್ಟು ಎಂಬುದನ್ನು ಗಮನಿಸಬೇಕು. ಇನ್ನೊಂದು ಕುಹಕವು ಹಂತದ ಕೊನೆಯಲ್ಲಿದೆ. ಗುರಿಯನ್ನು ದಾಟಿದೊಡನೆ ವಿಜಯವಾದ್ಯ ಮೊಳಗುವುದು, ನಾಯಕನು ತಾನಾಗಿ ಮುಂದೆ ನಡೆಯತೊಡಗುವನು, ಆಟಗಾರನ ಕೈಯಲ್ಲಿ ಆಗ ಯಾವ ಅಧಿಕಾರವೂ ಇರುವುದಿಲ್ಲ. ಆ ಗಳಿಗೆಯಲ್ಲಿಯೇ ಮೃತ್ಯುವು ಅವನನ್ನು ಹಿಡಿಯುವಂತೆ ಕೆಲವೆಡೆ ಹೂಡಲಾಗಿದೆ. ಮಂಗಳಶ್ಲೋಕವನ್ನು ಹೇಳಿ ನಾಟಕ ಮುಗಿಯಿತೆಂದು ಎದ್ದ ಸಭಿಕನ ಮೇಲೆ ರಂಗದ ಚಪ್ಪರವನ್ನು ಕೆಡವಿದಂತೆ ಇದು.

ಮೊಮ್ಮಗನು ಆ ಕಾಣದ ಪೆಟ್ಟಿಗೆಗೆ ಬಡಿದು ಬಿದ್ದಾಗ, “ಅಲ್ಲಿ ಅದಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು, ತಾತ?” ಎಂದು ನನ್ನನ್ನೇ ಕೇಳಿದನು. ನನಗೆ ಉತ್ತರ ಹೊಳೆಯಲಿಲ್ಲ. ಹೊಳೆದುದು ನನ್ನದೇ ಒಂದು ಹಳೆಯ ಅಪರಾಧ. ಉಪಾಧ್ಯಾಯನಾದ ಹೊಸತರಲ್ಲಿ ಒಮ್ಮೆ ನಾನು ಸಂಸ್ಕೃತದ ಪ್ರಶ್ನಪತ್ರಿಕೆಯೊಂದನ್ನು ರಚಿಸಿದೆನು. ಪಾಠದಲ್ಲಿ ಬಂದಂತೆಯೇ ತೋರುವ, ಆದರೆ ನಾನು ಇನ್ನೂ ಹೇಳಿಕೊಡದಿದ್ದ ಅಪವಾದಸೂತ್ರಗಳಿಂದ ರೂಪ ತಿರುಗುವ ಶಬ್ದಗಳನ್ನೇ ಹುಡುಕಿ ಹುಡುಕಿ ಕೊಟ್ಟೆನು. ಜೊತೆಯ ಉಪಾಧ್ಯಾಯರು ನನ್ನ ವ್ಯುತ್ಪತ್ತಿಯನ್ನು ಕೊಂಡಾಡಿದರು. ತರಗತಿಯಲ್ಲಿ ಎಲ್ಲರಿಗಿಂತಲೂ ಶ್ರದ್ಧೆಯಿಂದ ಓದುತ್ತಿದ್ದ ಹುಡುಗನು, ಸಾಮಾನ್ಯಸೂತ್ರವನ್ನು ಚೆನ್ನಾಗಿ ಬಲ್ಲವನಾದುದರಿಂದಲೇ, ಎಲ್ಲರಿಗಿಂತಲೂ ಹೆಚ್ಚು ತಪ್ಪಿದನು. ಮರುವರ್ಷ ಅವನು ಸಂಸ್ಕೃತವನ್ನು ಬಿಟ್ಟುಬಿಟ್ಟನು. ಕಾರಣವನ್ನು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ.

ಹಾಗಾದರೆ ಕೈಜೊ ಮಾರಿಯೋ ಕೇವಲ ದುಷ್ಕೃತಿಯೆ? ಹಾಗೆಂದು ತೀರ್ಮಾನಿಸುವ ಮೊದಲು ಮೂರು ವಿಷಯಗಳನ್ನು ಪರ್ಯಾಲೋಚಿಸಬೇಕು. ಮೊದಲನೆಯದು, ಅದು ಮೂಲತಃ ಒಬ್ಬ ಗೆಳೆಯನಿಗಾಗಿ ಹುಟ್ಟಿ, ನೋಡುವವರಿಂದ ಕೀರ್ತಿ ಪಡೆದ ವಸ್ತು. ಬೀಳುವವನಿಗೆ ಕ್ಲೇಶವಾದರೂ ನೋಡುವವನಿಗೆ ಹಾಸ್ಯವುಂಟು. ಪ್ರಹಸನವೆಂದು ತೂಗಿದರೆ ಕೃತಿ ಸಫಲವೆಂದೇ ಹೇಳಬೇಕು. ಎರಡನೆಯದು, ಇದರ ಬೀಜ ಮೂಲಕರ್ತೃಗಳಲ್ಲಿಯೇ ಇದ್ದಿತು. ಅವರು 1986ರಲ್ಲಿ ಜಪಾನಿನಲ್ಲಿ ಹೊರತಂದ ಎರಡನೆಯ ಮಾರಿಯೋ ಆಟದಲ್ಲಿ ವಿಷದ ಅಣಬೆಯನ್ನಿಟ್ಟು, ಅಣಬೆಯೆಲ್ಲವೂ ಮಿತ್ರವೆಂಬ ಹಿಂದಿನ ಪಾಠವನ್ನು ತಾವೇ ಮುರಿದಿದ್ದರು. ಅಮೆರಿಕದವರಿಗೆ ಆ ಆಟವು ‘ದಿ ಲಾಸ್ಟ್ ಲೆವೆಲ್ಸ್’ ಎಂಬ ಹೆಸರಿನಿಂದ ದೊರೆತುದು 1993ರಲ್ಲಿ. ಮೂರನೆಯದು, ಕಾಠಿನ್ಯವೆಂಬುದು ತಾನಾಗಿ ದೋಷವಲ್ಲ. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿಯೂ ಮಾಘನ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದಲ್ಲಿಯೂ ಚಿತ್ರಬಂಧಗಳ ಸಂತೆಯೇ ನೆರೆದಿದೆ. ಆನಂದವರ್ಧನನು ಚಿತ್ರವನ್ನು ಕಾವ್ಯದ ಅನುಕರಣವೆಂದು ಕೆಳಗಿಟ್ಟನು, ನಿಜ. ಆದರೂ ಏಕಾಕ್ಷರದ ಪದ್ಯವು ವ್ಯಾಕರಣವನ್ನು ಮುರಿಯುವುದಿಲ್ಲ; ಓದುಗನಿಂದ ಯಾವುದನ್ನೂ ಮುಚ್ಚಿಡುವುದಿಲ್ಲ. ಭಾರವಿಯ ಮಾತನ್ನು ಮಲ್ಲಿನಾಥನು ತೆಂಗಿನಕಾಯಿಗೆ ಹೋಲಿಸಿದನು. ಕರಟ ಗಟ್ಟಿಯಾದರೂ ಒಡೆದವನಿಗೆ ತಿರುಳು ದೊರೆಯಲೇಬೇಕು. ಕಾಣದ ಪೆಟ್ಟಿಗೆಯನ್ನು ಒಡೆದವನಿಗೆ ದೊರೆಯುವ ತಿರುಳಾದರೂ ಏನು? ಅದು ಅಲ್ಲಿದೆ ಎಂಬ ವಾರ್ತೆ ಮಾತ್ರ.

ಈ ಭೇದವನ್ನು ನಾನು ಹೇಳುವುದಕ್ಕೆ ಎಷ್ಟೋ ಮೊದಲೇ ಆ ಅಭಿಮಾನಿಗಳೇ ಕಂಡುಕೊಂಡರೆಂಬುದು ಅವರ ವಿವೇಕಕ್ಕೆ ಸಾಕ್ಷಿ. ಕೈಜೊ ಸಂಪ್ರದಾಯದ ಈಚಿನ ಕೃತಿಗಳು ಕಾಠಿನ್ಯದಲ್ಲಿ ಹಳೆಯದಕ್ಕೆ ಬಿಟ್ಟುಕೊಡುವುದಿಲ್ಲ. ಎಸೆದ ಆಮೆಯ ಚಿಪ್ಪು ಗೋಡೆಗೆ ತಾಗಿ ಮರಳುವಾಗ, ನಡುವಾನಿನಲ್ಲಿಯೇ ಅದನ್ನು ಮೆಟ್ಟಿ ಮೇಲಕ್ಕೆ ಚಿಮ್ಮುವುದು ಅಲ್ಲಿ ನಿತ್ಯಕರ್ಮ. ಮೂಲದ ನಿಷ್ಠಾವಂತ ವಾಹನವಾದ ಯೋಶಿಯನ್ನು ಕಂದಕದ ಮೇಲೆ ಕೈಬಿಟ್ಟು, ಅದರ ಬೆನ್ನಿನಿಂದ ಹಾರಿ ಆಚೆಯ ದಡ ಸೇರುವುದೂ ಉಂಟು. ಇದನ್ನು ನೋಡಿ ನನ್ನ ಮನಸ್ಸು ಇಂದಿಗೂ ನೋಯುತ್ತದೆ. ಆದರೆ ಅನೇಕ ಕೃತಿಗಳಲ್ಲಿ ಎಲ್ಲಿ ಹಾರಬೇಕು, ಎಲ್ಲಿ ಎಸೆಯಬೇಕು ಎಂಬುದಕ್ಕೆ ನಾಣ್ಯಗಳ ಸಾಲಿನಿಂದ ಸೂಚನೆಯನ್ನಿಡುವರು. ಸತ್ತವನು ಕಾಯದೆ ಆ ಕ್ಷಣವೇ ಮತ್ತೆ ಆರಂಭಿಸುವಂತೆ ಏರ್ಪಡಿಸುವರು. ವಂಚನೆಯನ್ನೇ ವಿನೋದವಾಗಿ ಬಯಸುವವರಿಗೆ ಬೇರೆಯ ಜಾತಿಯ ಆಟಗಳಿವೆ. ಅವನ್ನು ಬೇರೆಯ ಹೆಸರಿನಿಂದಲೇ ಕರೆಯುವರು. 2015ರಲ್ಲಿ ನಿಂಟೆಂಡೊ ಸಂಸ್ಥೆಯು ಆಟಗಾರರೇ ಹಂತಗಳನ್ನು ಕಟ್ಟುವಂಥ ‘ಸೂಪರ್ ಮಾರಿಯೋ ಮೇಕರ್’ ಅನ್ನು ಪ್ರಕಟಿಸಿದಾಗ ಒಂದು ನಿಯಮವನ್ನಿಟ್ಟಿತು: ಕಟ್ಟಿದವನು ತನ್ನ ಹಂತವನ್ನು ತಾನೇ ಆಡಿ ಮುಗಿಸಿದ ಹೊರತು ಲೋಕಕ್ಕೆ ಒಪ್ಪಿಸುವಂತಿಲ್ಲ. ಪ್ರಶ್ನಪತ್ರಿಕೆ ರಚಿಸುವವರಿಗೆಲ್ಲ ಇಂಥದೊಂದು ನಿಯಮವಿರಬೇಕಾಗಿತ್ತು! ಆದರೂ ಅಷ್ಟರಿಂದಲೇ ಸಾಲದು. ನನ್ನ ಪ್ರಶ್ನಪತ್ರಿಕೆಯನ್ನು ನಾನು ಲೀಲಾಜಾಲವಾಗಿ ಉತ್ತರಿಸಬಲ್ಲವನಾಗಿದ್ದೆನು. ಹೊಂಚು ಎಲ್ಲಿದೆಯೆಂಬುದು ಹೂಡಿದವನಿಗೆ ತಿಳಿದೇ ಇರುವುದು.

ರಜೆಯ ಕೊನೆಯಲ್ಲಿ ಮೊಮ್ಮಗನು ಈ ಹೊಸ ಬಗೆಯ ಕೃತಿಯೊಂದರ ಒಂದೇ ಹಂತದೊಡನೆ ಮೂರು ದಿನ ಸೆಣಸಿದನು. ಎಷ್ಟು ಬಾರಿ ಸತ್ತನೆಂಬುದನ್ನು ನಾನು ಎಣಿಸಲಿಲ್ಲ. “ಬೇಸರವಾಗಲಿಲ್ಲವೇನೋ?” ಎಂದು ಕೇಳಿದೆನು. “ಇಲ್ಲ ತಾತ, ಈ ಸಲ ನಾನೇ ಬೇಗ ಹಾರಿಬಿಟ್ಟೆ” ಎಂದು ತಲೆಯೆತ್ತದೆ ಉತ್ತರಕೊಟ್ಟನು. ಮೊದಲು ನನ್ನನ್ನು ಕೇಳಿದ ಪ್ರಶ್ನೆಗೂ ಈ ಉತ್ತರಕ್ಕೂ ಇರುವ ಅಂತರವೇ ನನ್ನ ವಿಮರ್ಶೆಯ ಸಾರ. ಬಿದ್ದವನು ತನ್ನ ತಪ್ಪನ್ನು ತಾನೇ ಕಾಣುವಂತಿದ್ದರೆ ಕಾಠಿನ್ಯವು ಗುಣ. ಕಟ್ಟಿದವನ ಜಾಣ್ಮೆಯೊಂದೇ ಕಾಣುವಂತಿದ್ದರೆ ಅದು ದೋಷ.

ಈ ತಕ್ಕಡಿಯಲ್ಲಿ 2007ರ ಕೃತಿಯು ಪ್ರಹಸನವಾಗಿ ಗೆದ್ದು, ಆಟವಾಗಿ ಸೋಲುವುದು. ಅದು ಹುಟ್ಟಿಸಿದ ಸಂಪ್ರದಾಯವು ತಂದೆಯನ್ನು ಮೀರಿದ ಮಗನಂತೆ ಬೆಳೆದಿದೆ. ಮೂಲವಾದರೋ ಇವೆಲ್ಲಕ್ಕೂ ಗುರುಸ್ಥಾನದಲ್ಲಿ ನಿಂತಿದೆ; ಅದು ಚೆನ್ನಾಗಿ ಕಲಿಸಿದ್ದರಿಂದಲೇ ಇವುಗಳಿಗೆ ಹೀಗೆ ಪರೀಕ್ಷಿಸಲು ಎಡೆಯಾಯಿತು. ಸಂಸ್ಕೃತವನ್ನು ಬಿಟ್ಟ ಆ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಅವನ ಉತ್ತರಪತ್ರಿಕೆಯ ಮೇಲೆ ಅಂದು ನಾನು ಕೆಂಪು ಶಾಯಿಯಲ್ಲಿ ಎಳೆದ ಗೆರೆಗಳು ನನ್ನ ಪ್ರಶ್ನಪತ್ರಿಕೆಗೆ ಸಲ್ಲತಕ್ಕವಾಗಿದ್ದುವು.